ಹದಿನಾಲ್ಕರ ಗಾಳಿ

ಹಸಿರು ದೀಪ ಹತ್ತಿತು. ಎಂಜಿನ್ ಕಿರುಚಿಕೊಂಡಿತು, ಹಿಂದಿನ ಚಕ್ರಗಳೆರಡೂ ನಿಂತಲ್ಲೇ ಗಿರಗಿರನೆ ಸುತ್ತಿದವು, ಬಿಳಿ ಹೊಗೆ ಎದ್ದು ಕಾರಿನ ಬೆನ್ನನ್ನೇ ಮುಚ್ಚಿತು. ಕಾರು ಮಾತ್ರ ಬೇಗ ಎಬ್ಬಿಸಿದ ಮಗುವಿನ ಹಾಗೆ ಅತ್ತಿತ್ತ ಹೊರಳಾಡಿ, ಆಮೇಲೆ ಒಲ್ಲದ ಮನಸ್ಸಿನಿಂದ ಹೊರಟಿತು. ಅಷ್ಟರಲ್ಲಿ ಪಕ್ಕದ ಸಾಲಿನ ಕೆಂಪು ಕಾರು ಅರ್ಧ ದಾರಿ ಮುಗಿಸಿತ್ತು.

"ಹೋಯ್ತು, ಇದೂ ಹೋಯ್ತು!" ಎಂದು ಬೇಲಿಗೆ ಒರಗಿ ನಿಂತಿದ್ದ ಟೈರ್ ಅಂಗಡಿಯವನು ಹಣೆ ಚಚ್ಚಿಕೊಂಡ. ಕಾರಿನಲ್ಲಿದ್ದವಳು ಅವನ ಹೆಂಡತಿ. ದೂರದ ಬೋರ್ಡಿನ ಮೇಲೆ ಅಂಕಿ ಬಂತು: ಹದಿನಾರು ಪಾಯಿಂಟ್ ಒಂದು. ಮೊದಲ ಸಲ ಹದಿನಾರು ಪಾಯಿಂಟ್ ನಾಲ್ಕು ಬಂದಿತ್ತು. ವಿಮಾನ ಇಳಿಯುವುದು ನಿಂತು ಎಷ್ಟೋ ವರ್ಷವಾಗಿದ್ದ ಆ ರನ್‌ವೇಯಲ್ಲಿ ಅವತ್ತಿನ ನಿಯಮ ಸರಳ. ಒಬ್ಬೊಬ್ಬರಿಗೆ ಮೂರು ಸಲ ಅವಕಾಶ. ನಾನೂರು ಮೀಟರನ್ನು ಹದಿನೈದು ಸೆಕೆಂಡಿನೊಳಗೆ ಮುಗಿಸಿದವರ ಹೆಸರು ವರ್ಷದ ರೇಸಿನ ಪಟ್ಟಿಗೆ ಹೋಗುತ್ತದೆ, ಮುಗಿಸದವರು ಮನೆಗೆ ಹೋಗುತ್ತಾರೆ. ಅವಳಿಗೆ ಉಳಿದಿದ್ದು ಇನ್ನೊಂದೇ ಸಲ.

ಊರಿನ ಅರ್ಧ ಜನಕ್ಕೆ ಕಾರು ಓಡಿಸುವುದನ್ನು ಕಲಿಸಿದವಳು ಅವಳು. ಡ್ರೈವಿಂಗ್ ಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ, ಅಷ್ಟೂ ವರ್ಷ ಪಕ್ಕದ ಸೀಟಿನಲ್ಲಿ, ಕಾಲಡಿಯ ಎರಡನೇ ಬ್ರೇಕಿನ ಮೇಲೆ ಪಾದವಿಟ್ಟುಕೊಂಡು. "ಕ್ಲಚ್ ನಿಧಾನ, ನಿಧಾನ" ಎಂದು ಹೇಳಿ ಹೇಳಿ ನಿದ್ದೆಯಲ್ಲೂ ಅದನ್ನೇ ಕನವರಿಸುತ್ತಿದ್ದಳು. ಎಲ್ಲರಿಗೂ ಅವಳು ಮೇಡಂ. ಸಿಟ್ಟು ಬಂದರೆ ಗಂಡನಿಗೂ ಮೇಡಮ್ಮೇ. ಮೂರು ವರ್ಷದ ಹಿಂದೆ ಸ್ಕೂಲಿನವರು ಒಂದು ಕಾರನ್ನು ಇನ್ನು ಕೆಲಸಕ್ಕೆ ಬಾರದೆಂದು ಗುಜರಿಗೆ ಹಾಕಲು ಹೊರಟಾಗ, ಇವಳು ಅದನ್ನು ಎಳೆಸಿಕೊಂಡು ಮನೆ ಹಿಂದಿನ ಶೆಡ್ಡಿಗೆ ತಂದಳು. ಭಾನುವಾರಗಳೆಲ್ಲ ಅದರ ಕೆಳಗೇ ಕಳೆದವು. ಬೇರೆ ಎಂಜಿನ್ ಕೂರಿಸಿದಳು, ಬೇರೆ ಗೇರ್‌ಬಾಕ್ಸ್ ಕೂರಿಸಿದಳು, ಉಗುರಿನ ಸಂದಿಯ ಕಪ್ಪು ಹೋಗಲೇ ಇಲ್ಲ. "ಈ ವಯಸ್ಸಲ್ಲಿ ಇದೇನೇ ಹುಚ್ಚು?" ಎಂದು ಗಂಡ ಕೇಳಿದರೆ, "ಒಂದು ಸಲ, ಒಂದೇ ಒಂದು ಸಲ, ಬ್ರೇಕ್ ಮೇಲೆ ಕಾಲಿಡದೆ ಹೋಗ್ಬೇಕು ರೀ" ಎನ್ನುತ್ತಿದ್ದಳು.

ಇನ್ನು ಆ ಹಿಂದಿನ ಟೈರುಗಳು. ಹಲ್ಲಿಲ್ಲದ, ಪಟ್ಟೆಯಿಲ್ಲದ, ಬೋಳು ಮೆತ್ತನೆಯ ರಬ್ಬರು. ಇಂಥ ರೇಸಿಗೆಂದೇ ಮಾಡಿದ್ದು. ಅದಕ್ಕೆ ಗಾಳಿ ಬರೀ ಹದಿನಾಲ್ಕು ಪೌಂಡು ಹಾಕಬೇಕಂತೆ. ಹದಿನಾಲ್ಕು! ಮೂವತ್ತಕ್ಕಿಂತ ಒಂದು ಕಡಿಮೆಯಿದ್ದರೂ ಗಿರಾಕಿಗೆ ಬೈದು ಕಳಿಸುವ ಮನುಷ್ಯ ಅವನು. ಸೋತ ಟೈರು ಕಂಡರೆ ಅವನಿಗೆ ಹಸಿದ ಮಗುವನ್ನು ಕಂಡಷ್ಟು ಸಂಕಟ. ಬೆಳಿಗ್ಗೆ ಹೆಂಡತಿ ತಾನೇ ಮೀಟರ್ ಹಿಡಿದು ಹದಿನಾಲ್ಕಕ್ಕೆ ಇಳಿಸಿ, ಸಹಿ ಹಾಕಲು ಆಫೀಸಿನ ಟೆಂಟಿಗೆ ಹೋದಳು. ಆಗ ಅವನ ಅಂಗಡಿಯ ಗಿರಾಕಿಗಳಿಬ್ಬರು ಆ ದಾರಿಯಲ್ಲೇ ಬಂದರು. "ಏನಣ್ಣ, ಟೈರ್ ಅಂಗಡಿಯವನ ಹೆಂಡ್ತಿ ಕಾರಿಗೇ ಗಾಳಿ ಇಲ್ವಲ್ಲ!" ಎಂದು ನಕ್ಕರು. ಅವರು ಅತ್ತ ಹೋದದ್ದೇ ತಡ, ಇವನು ಡಿಕ್ಕಿಯಿಂದ ಕಾಲ್ಪಂಪು ತೆಗೆದ.

ಬರೀ ಮರ್ಯಾದೆಯ ಪ್ರಶ್ನೆ ಅಂತಲೂ ಅಲ್ಲ. ಅಷ್ಟು ವೇಗದಲ್ಲಿ ಹೋಗುವಾಗ ಆ ಮೆತ್ತನೆಯ ಟೈರು ರಿಮ್ಮಿನಿಂದ ಕಳಚಿಕೊಂಡರೆ? ಒಳಗೆ ಕೂತವಳು ಬೇರೆ ಯಾರೋ ಅಲ್ಲವಲ್ಲ. ಹೀಗೆ ಸ್ವಲ್ಪ ಭಯ, ಸ್ವಲ್ಪ ಅಭಿಮಾನ, ಉಳಿದದ್ದು ಕೈಯ ಅಭ್ಯಾಸ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಇದಕ್ಕೇ. ಗಾಳಿ ಹೆಚ್ಚಾದರೆ ಒಳ್ಳೆಯದೇ ತಾನೆ, ಹೇಳಿದರಾಯಿತು ಎಂದುಕೊಂಡ. ಅವಳು ಬರುವಷ್ಟರಲ್ಲಿ ಸರದಿ ಕೂಗಿದರು, ಅವಳು ಹೆಲ್ಮೆಟ್ ಹಾಕಿಕೊಂಡಳು, ಹೇಳುವುದು ಉಳಿದೇಹೋಯಿತು. ಅವಳು ಮತ್ತೆ ಮೀಟರ್ ಹಿಡಿದು ನೋಡಲಿಲ್ಲ. ಟೈರ್ ಅಂಗಡಿಯವನನ್ನೇ ಕಾವಲಿಗೆ ಬಿಟ್ಟು ಹೋದವಳು ಯಾಕೆ ನೋಡಿಯಾಳು?

ಎರಡನೇ ಓಟ ಮುಗಿಸಿ ಅವಳು ಕಾರನ್ನು ತಂದು ತಗಡಿನ ನೆರಳಿನಲ್ಲಿ ನಿಲ್ಲಿಸಿದಳು. ಹೆಲ್ಮೆಟ್ ತೆಗೆದಾಗ ಕೂದಲು ಬೆವರಿಗೆ ಅಂಟಿಕೊಂಡಿತ್ತು. ಕ್ಲಚ್ ಸುಟ್ಟ ವಾಸನೆ ಮೂಗಿಗೆ ರಪ್ಪನೆ ಹೊಡೆಯಿತು.

"ಮೊದಲನೇ ಸಲ ಬೇಗ ಬಿಟ್ಟೆ ಅನ್ಕೊಂಡೆ. ಈ ಸಲ ಎಷ್ಟು ನಿಧಾನಕ್ಕೆ ಬಿಟ್ಟೆ ಗೊತ್ತಾ? ಆದ್ರೂ ಜಾರಿತು. ಇನ್ನೇನೂ ಇಲ್ಲ ರೀ, ಕಾಲೇ ಸರಿ ಇಲ್ಲ."

"ಕಾಲಿಗೇನಾಗಿದೆ ಈಗ?"

"ಇಪ್ಪತ್ತೆರಡು ವರ್ಷ ಬೇರೆಯವರ ಕಾರು ನಿಲ್ಸಿದ ಕಾಲು ಇದು. ಹೊರಡ್ಸೋದು ಇದಕ್ಕೆ ಮರ್ತೇ ಹೋಗಿದೆ." ಅವಳು ನೀರು ಕುಡಿದು ಬಾಟಲಿಯ ಮುಚ್ಚಳವನ್ನು ಬಹಳ ಹೊತ್ತು ತಿರುಗಿಸಿದಳು. "ಹೋಗಿ ದೀಪದಣ್ಣಂಗೆ ಹೇಳ್ಬಿಡಿ, ಮೂರನೇದು ನಂಗೆ ಬೇಡ ಅಂತ. ಮನೆಗೆ ಹೋಗೋಣ. ಶೆಡ್ ಖಾಲಿ ಮಾಡಿದ್ರೆ ನಿಮ್ಮ ಹಳೇ ಟೈರಿಗಾದ್ರೂ ಜಾಗ ಆಗುತ್ತೆ."

ಅವಳು ಅತ್ತಿದ್ದರೆ ಅವನು ಏನಾದರೂ ತಮಾಷೆ ಮಾಡಿ ನಗಿಸುತ್ತಿದ್ದ. ಅಳಲಿಲ್ಲ. ಗ್ಲೌಸ್ ಬಿಚ್ಚಿ, ಒಂದರೊಳಗೊಂದು ಮಡಿಸಿ, ಚೀಲದ ತಳಕ್ಕೆ ಹಾಕಿದಳು. ಅದನ್ನು ನೋಡಿ ಅವನಿಗೆ ಬಹಳ ಕೆಡುಕೆನಿಸಿತು.

ದೀಪದಣ್ಣ ಎಂದರೆ ಹೊರಡುವ ಗೆರೆಯ ಹತ್ತಿರ ನಿಂತು ದೀಪ ಹತ್ತಿಸುವ ಮುದುಕ. ಹರೆಯದಲ್ಲಿ ಅವನೂ ರೇಸಿನವನೇ. ಇವನು ಹೋದಾಗ ಅವನು ಪೊರಕೆ ಹಿಡಿದು ಗೆರೆಯ ಮೇಲಿನ ಕಲ್ಲುಚೂರು ಗುಡಿಸುತ್ತಿದ್ದ.

"ಮೇಡಂ ಗಾಡಿ ಈಗ ತಾನೆ ಬಿಟ್ಟು ಹೋದ ಗುರುತು ನೋಡಿ," ಎಂದ ದೀಪದಣ್ಣ ಪೊರಕೆಯಲ್ಲೇ ತೋರಿಸುತ್ತ. "ರಬ್ಬರ್ ಎಲ್ಲ ಸುಮ್ನೆ ದಂಡ."

ಟೈರ್ ಅಂಗಡಿಯವನು ನೋಡಿದ. ಕಾಂಕ್ರೀಟಿನ ಮೇಲೆ ಎರಡು ಕಪ್ಪು ಗೆರೆಗಳು. ಟೈರು ಗೇಣಿಗಿಂತ ಅಗಲ. ಗುರುತು ಮೂರು ಬೆರಳಿನಷ್ಟೂ ಇರಲಿಲ್ಲ. ನಡುವಿನ ಒಂದು ಪಟ್ಟಿ ಮಾತ್ರ ನೆಲ ಮುಟ್ಟಿತ್ತು, ಎರಡೂ ಅಂಚುಗಳು ಗಾಳಿಯಲ್ಲೇ ಇದ್ದವು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? 'ನಡು ಸವೆದಿದೆ ನೋಡಿ, ಗಾಳಿ ಜಾಸ್ತಿ ಹಾಕ್ಸಿದ್ದೀರಿ' ಎಂದು ಸಾವಿರ ಗಿರಾಕಿಗಳಿಗೆ ಪಾಠ ಹೇಳಿದ ಬಾಯಿ ಅವನದು.

"ಬರ್ತಾರಾ ಇಲ್ವಾ ಮೂರನೇದಕ್ಕೆ? ಹತ್ತು ನಿಮಿಷ ಇದೆ, ಆಮೇಲೆ ಪಟ್ಟಿ ಮುಚ್ತೀವಿ," ಎಂದ ದೀಪದಣ್ಣ.

ಬೇಡವಂತೆ ಎಂದು ಹೇಳಿಬಿಟ್ಟರೆ ಮುಗಿಯಿತು. ಯಾರಿಗೂ ಗೊತ್ತಾಗುವುದಿಲ್ಲ. ದಾರಿಯಲ್ಲಿ ಎಲ್ಲೋ ಗಾಳಿ ಇಳಿಸಿಬಿಟ್ಟರೆ ಅವಳಿಗೂ ಗೊತ್ತಾಗುವುದಿಲ್ಲ. ತನ್ನ ಕಾಲನ್ನೇ ಬೈದುಕೊಂಡು ಉಳಿದ ಆಯುಷ್ಯ ಕಳೆಯುತ್ತಾಳೆ. ಬಾಯಿಬಿಟ್ಟರೆ ಬಣ್ಣಗೇಡು, ಅದೂ ಮೂವತ್ತು ವರ್ಷ ಟೈರಿನಲ್ಲೇ ಬದುಕಿದವನಿಗೆ.

"ಬರ್ತಾಳೆ ಅಣ್ಣ. ಪಟ್ಟಿ ಮುಚ್ಬೇಡಿ," ಎಂದವನೇ ಚಪ್ಪಲಿ ಕೈಗೆತ್ತಿಕೊಂಡು ಓಡಿದ.

ಅವಳು ಆಗಲೇ ಸ್ಪಾನರುಗಳನ್ನು ಪೆಟ್ಟಿಗೆಗೆ ಜೋಡಿಸುತ್ತಿದ್ದಳು.

"ಇವಳೇ, ತಪ್ಪು ನಿನ್ನ ಕಾಲಿಂದಲ್ಲ."

"ಸಮಾಧಾನ ಮಾಡೋಕೆ ಬರ್ಬೇಡಿ ರೀ, ದಮ್ಮಯ್ಯ."

"ಸಮಾಧಾನ ಅಲ್ಲ ಕಣೇ. ಬೆಳಿಗ್ಗೆ ನೀನು ಸಹಿ ಹಾಕೋಕೆ ಹೋದಾಗ... ನಾನು ಗಾಳಿ ತುಂಬ್ಸಿದೆ."

ಸ್ಪಾನರ್ ಹಿಡಿದ ಕೈ ಅಲ್ಲೇ ನಿಂತಿತು. "ಎಷ್ಟು?"

"ಮೂವತ್ತು."

"ಮೂವತ್ತಾ?"

"ಒಂದೆರಡು ಹೆಚ್ಚೇ ಇರ್ಬಹುದು."

ಅವಳು ಅವನ ಮುಖ ನೋಡಿದಳು, ಟೈರು ನೋಡಿದಳು, ಮತ್ತೆ ಅವನ ಮುಖ ನೋಡಿದಳು. "ನಾನು ಎರಡು ಸಲ ಸೋತು ಬಂದೆ. ನನ್ನ ಕಾಲಿಗೆ ಬೈಕೊಂಡೆ, ನನ್ನ ವಯಸ್ಸಿಗೆ ಬೈಕೊಂಡೆ. ಬಾಯಿಗೆ ಬೀಗ ಹಾಕ್ಕೊಂಡು ನಿಂತಿದ್ರಾ ನೀವು?"

"ಆಣೆಗೂ ಗೊತ್ತಾಗ್ಲಿಲ್ಲ ಕಣೇ. ಈಗ ಅಲ್ಲಿ ಗುರುತು ನೋಡ್ದಾಗ್ಲೇ ಹೊಳೆದಿದ್ದು. ಒಳ್ಳೇದಾಗ್ಲಿ ಅಂತಾನೇ ಹಾಕ್ದೆ."

"ಅದೇ ತಾನೆ ನಿಮ್ಮ ಕಥೆ! ಮದುವೆ ಆದಾಗಿಂದ ನೋಡ್ತಿದ್ದೀನಿ. ನಾನು ಕೇಳೋದೊಂದು, ನೀವು ಒಳ್ಳೇದು ಅಂತ ಕೊಡೋದೊಂದು. ಹದಿನಾಲ್ಕು ಅಂದ್ರೆ ನಂಗೆ ಹದಿನಾಲ್ಕೇ ಬೇಕು ರೀ. ನಾನು ಹೇಳಿದ್ದನ್ನ ಹೇಳಿದ ಹಾಗೆ ಒಂದು ಸಲನಾದ್ರೂ ಮಾಡಿ!"

ಅವನು ತಲೆ ತಗ್ಗಿಸಿದ. ಇಷ್ಟು ವರ್ಷದಲ್ಲಿ ಈ ಮಾತು ಅವಳು ಎಷ್ಟು ಸಲ ನುಂಗಿಕೊಂಡಿದ್ದಳೋ, ಲೆಕ್ಕ ಅವನಿಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಅವಳು ಚೀಲದ ತಳದಿಂದ ಗ್ಲೌಸ್ ಎಳೆದು ತೆಗೆದಳು.

"ಸುಮ್ನೆ ನಿಂತ್ರೆ ಆಗಲ್ಲ. ನೀವೇ ತುಂಬ್ಸಿದ್ದು, ನೀವೇ ತೆಗೀರಿ. ಮೀಟರ್ ನಾನು ಹಿಡೀತೀನಿ."

ಅವನು ಕುಕ್ಕರಗಾಲಲ್ಲಿ ಕೂತು ವಾಲ್ವಿನ ಪಿನ್ನನ್ನು ಉಗುರಿನಿಂದ ಒತ್ತಿದ. ಸುಯ್ಯೆಂದು ಗಾಳಿ ಹೊರಟಿತು. ಇಪ್ಪತ್ತಕ್ಕೆ ಬಂದಾಗ ಕೈ ತಾನಾಗಿ ನಿಂತಿತು.

"ಇಪ್ಪತ್ತು ಸಾಕಲ್ವೇನೇ?"

"ಹದಿನಾಲ್ಕು."

"ಹೋಗ್ಲಿ, ಹದಿನಾರು. ನಂದೂ ಒಂದು ಮಾತು ಇರ್ಲಿ."

"ಇದೇನು ಸಂತೇನಾ ಚೌಕಾಸಿ ಮಾಡೋಕೆ? ಒತ್ರೀ!"

ಒತ್ತಿದ. ಟೈರಿನ ಪಕ್ಕೆ ಉಬ್ಬಿ, ನೆಲಕ್ಕೆ ಹೊಟ್ಟೆ ಹಚ್ಚಿ ಕೂತಿತು. ನೋಡಲಾರದೆ ಅವನು ಮುಖ ತಿರುಗಿಸಿಕೊಂಡದ್ದನ್ನು ಕಂಡು ಅವಳಿಗೆ ಅಷ್ಟು ಸಿಟ್ಟಿನಲ್ಲೂ ನಗು ಬಂತು. ಬೇಡವೆಂದರೂ ಬಂದ ನಗು; ತುಟಿ ಕಚ್ಚಿ ಹಿಡಿದಳು. ಎರಡನೆಯ ಟೈರಿಗೆ ಅವನು ಚೌಕಾಸಿ ಮಾಡಲಿಲ್ಲ.

ಗೆರೆಯ ಹಿಂದೆ ನೀರು ಚೆಲ್ಲಿದ ಜಾಗದಲ್ಲಿ ಅವಳು ಚಕ್ರಗಳನ್ನು ಸುತ್ತಿಸಿ ರಬ್ಬರು ಬಿಸಿ ಮಾಡಿದಳು. ಹೊಗೆಯಲ್ಲಿ ಬೆಲ್ಲ ಸುಟ್ಟಂಥ ಕಮಟು ವಾಸನೆ. ಗೆರೆಗೆ ಬಂದು ನಿಂತಾಗ ದೀಪದಣ್ಣ ಕಿಟಕಿಯ ಹತ್ತಿರ ಬಗ್ಗಿದ. ಗಂಡನೂ ಹಿಂದೆಯೇ ನಿಂತಿದ್ದ.

"ಒಂದು ಮಾತು ಮೇಡಂ. ಈ ಟೈರು ಹಾಕ್ಕೊಂಡು ಕ್ಲಚ್ಚನ್ನ ಮುದ್ದು ಮಾಡ್ಬೇಡಿ. ಏಟೆಲ್ಲ ಟೈರಿನ ಪಕ್ಕೆ ತಡ್ಕೊಳುತ್ತೆ, ಅದಕ್ಕೇ ಅದು ಅಷ್ಟು ಮೆತ್ತಗಿರೋದು. ಹಸಿರು ಬಂದ ತಕ್ಷಣ ಕಾಲು ಎತ್ಬಿಡಿ."

"ನಿಧಾನಕ್ಕೆ ಬೇಡ್ವಾ?"

"ನಿಧಾನನ ನಿಮ್ಮ ಶಿಷ್ಯರಿಗೆ ಹೇಳಿ."

ಅವಳು ಗಂಡನ ಕಡೆ ನೋಡಿದಳು. ಹುಷಾರು ಕಣೇ ಎನ್ನುವ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದ. "ಹದಿನಾಲ್ಕೇ ಇದೆ," ಎಂದ. "ಹೋಗು."

ಹಳದಿ ದೀಪಗಳು ಒಂದೊಂದಾಗಿ ಇಳಿದವು. ಹಸಿರು. ಈ ಸಲ ಹೊಗೆಯೇ ಇಲ್ಲ. ಟೈರಿನ ಪಕ್ಕೆ ಒದ್ದೆ ಬಟ್ಟೆ ಹಿಂಡಿದಂತೆ ಸುಕ್ಕಾಯಿತು, ಕಾರು ಒಮ್ಮೆ ಹಿಂದಕ್ಕೆ ಕುಕ್ಕರಿಸಿತು, ಮೂತಿ ಎತ್ತಿತು, ಅಷ್ಟೇ. ಕಣ್ಣು ಮಿಟುಕಿಸುವುದರೊಳಗೆ ಅವನ ಮುಂದಿನ ಜಾಗ ಖಾಲಿ. ಎರಡನೇ ಗೇರಿನ ಸದ್ದು ಕೇಳಿತು, ಮೂರನೆಯದು ಕೇಳಿತು. "ಹಿಡೀತು! ಹಿಡೀತು ಕಣ್ರೋ!" ಎಂದು ಯಾರೋ ಕೂಗುತ್ತಿದ್ದರು. ಗಂಟಲು ಉರಿದಾಗಲೇ ಕೂಗುತ್ತಿರುವವನು ತಾನೆಂದು ಅವನಿಗೆ ಗೊತ್ತಾದದ್ದು.

ಬೋರ್ಡಿನ ಕಡೆ ನೋಡುವ ಧೈರ್ಯ ಬರಲಿಲ್ಲ. ಕಾರುಗಳು ವಾಪಸು ಬರುವ ಪಕ್ಕದ ಹಾದಿ ಹಿಡಿದು ಅವನು ಬಿಸಿಲಿನಲ್ಲಿ ನಡೆದೇ ನಡೆದ. ಬಹಳ ದೂರದಲ್ಲಿ ಅವಳ ಕಾರು ಕಾಣಿಸಿತು. ಖಾಲಿ ಹಾದಿಯಲ್ಲೂ ಇಂಡಿಕೇಟರ್ ಹಾಕಿ, ಪಕ್ಕಕ್ಕೆ ಸರಿದು, ಅವನ ಬಳಿ ನಿಂತಿತು. ಅವನು ಬಾಗಿಲು ತೆಗೆದು ಒಳಗೆ ಕೂತ. ಅವಳ ಹೆಲ್ಮೆಟ್ ಹಿಂದಿನ ಸೀಟಿನಲ್ಲಿ ಬಿದ್ದಿತ್ತು. ಕೈಯಲ್ಲಿ, ಸ್ಟಿಯರಿಂಗಿಗೆ ಒತ್ತಿ ಹಿಡಿದ, ಆ ತುದಿಯಲ್ಲಿ ಕೊಟ್ಟ ಸಮಯದ ಚೀಟಿ.

"ಕನ್ನಡಕ ತಂದಿಲ್ಲ. ನೀನೇ ಓದು," ಎಂದ.

"ಹದಿನಾಲ್ಕು ಪಾಯಿಂಟ್ ಎಂಟು." ಓದಿದ ದನಿ ಅವಳದೇ ಎಂದು ನಂಬಲಾಗದಷ್ಟು ಸಣ್ಣಗಿತ್ತು. ಅವನು ಕಣ್ಣು ತುಂಬಿಕೊಂಡು ಬೆಲ್ಟಿನ ಕೊಂಡಿ ಹುಡುಕತೊಡಗಿದ.

ಕಾರು ಗುರ್ ಎನ್ನುತ್ತ ನಿಂತೇ ಇತ್ತು. ಅವಳು ಹೊರಡಲಿಲ್ಲ.

"ಕಾಲು ನಿಲ್ತಾ ಇಲ್ಲ ಕಣ್ರೀ," ಎಂದಳು. ನೋಡಿದರೆ ಅವಳ ಎಡ ಮಂಡಿ ಗಡಗಡ ನಡುಗುತ್ತಿತ್ತು. ಅವಳು ಅದನ್ನೇ ನೋಡಿಕೊಂಡು ನಗುತ್ತಿದ್ದಳು. ಅವನು ಟೈರಿನ ಕಪ್ಪು ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಆ ಮಂಡಿಯ ಮೇಲಿಟ್ಟ. ಒತ್ತಲಿಲ್ಲ, ಸುಮ್ಮನೆ ಇಟ್ಟ.