ಹಡಗಿನ ಕೆಮ್ಮು

ಸತ್ತ ತಮ್ಮನ ಕೆಮ್ಮು ಅಕ್ಕನ ಕಿವಿಗೆ ಮತ್ತೆ ಬಿದ್ದದ್ದು ಹಾಡಹಗಲಲ್ಲಿ, ಅವಳದೇ ಕನ್ನಡಕದ ಅಂಗಡಿಯಲ್ಲಿ.

ಕಾಲೇಜಿನಲ್ಲಿ ಪಾಠ ಹೇಳುವ ಹೆಂಗಸೊಬ್ಬಳು ಹೊಸ ಕನ್ನಡಕ ಹಾಕಿಕೊಂಡು ಕನ್ನಡಿ ನೋಡುತ್ತಿದ್ದಳು. ಪಕ್ಕದಲ್ಲಿ ಅವಳ ಗೆಳತಿ. ಏನೋ ನೆನಪಾದವಳಂತೆ ಕನ್ನಡಿಯ ಮುಂದಿದ್ದವಳು ಮುಷ್ಟಿಯನ್ನು ಬಾಯಿಗಿಟ್ಟುಕೊಂಡು ಕೆಮ್ಮಿದಳು. ಮೊದಲು ಗಿಡ್ಡ ಕೆಮ್ಮು, ಆಮೇಲೆ ಉಸಿರನ್ನು ಕೆರೆದು ಎಳೆದುಕೊಂಡ ಸದ್ದು, ಕೊನೆಗೊಂದು ಉದ್ದನೆಯದು. ಗೆಳತಿ ದನಿ ದಪ್ಪ ಮಾಡಿಕೊಂಡು, "ಇಳಿಯೋರು ಇಳೀರಿ. ಇದು ನಿಮ್ಮ ಗ್ರಹ ಅಲ್ಲ. ಆದ್ರೂ ಇಳೀರಿ" ಎಂದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಅಕ್ಕ ಆಗ ಗಾಜಿನ ಅಂಚು ಉಜ್ಜುತ್ತಿದ್ದಳು. ಯಂತ್ರ ಗಾಜನ್ನು ತಿಂದು ಹಾಕಿತು. ಅವಳಿಗೆ ಗೊತ್ತೇ ಆಗಲಿಲ್ಲ.

ಗಿರಾಕಿಗಳಿಗೆಲ್ಲ ಅವಳು ಅಕ್ಕ. ಆದರೆ ಹಾಗೆ ಕರೆಯುವ ಹಕ್ಕು ನಿಜವಾಗಿ ಇದ್ದದ್ದು ಒಬ್ಬನಿಗೆ ಮಾತ್ರ. ಮನೆಯಲ್ಲಿ ಅವನನ್ನು ಗುಡುಗ ಎನ್ನುತ್ತಿದ್ದರು. ಮೀಸೆ ಮೂಡುವ ಮೊದಲೇ ಅವನ ದನಿ ಬಾವಿಯ ತಳದಿಂದ ಬಂದಂತೆ ಬರುತ್ತಿತ್ತು. ಬಾಗಿಲ ಹಿಂದೆ ನಿಂತು ಸುಮ್ಮನೆ "ಊಟ ಆಯ್ತಾ?" ಎಂದರೂ ನೆರೆಮನೆಯ ಮಕ್ಕಳು ಓಟ ಕೀಳುತ್ತಿದ್ದವು. ಆ ದನಿಯೇ ಅವನಿಗೆ ರೇಡಿಯೋ ನಾಟಕದ ಕೆಲಸ ಕೊಡಿಸಿತು.

'ಇದು ನಿಮ್ಮ ಗ್ರಹವಲ್ಲ' ಎಂಬ ಪುಸ್ತಕಮಾಲೆಯನ್ನು ಬರೆದವನು ರೈಲ್ವೆ ವೇಳಾಪಟ್ಟಿ ತಿದ್ದುತ್ತಿದ್ದ ಒಬ್ಬ ಗುಮಾಸ್ತ. ಅದರಲ್ಲಿ ಒಂದು ಮುದಿ ಆಕಾಶಹಡಗು ಬರುತ್ತದೆ. ಅದರ ಹೆಸರು ಗೊಣಗಪ್ಪ. ಪ್ರಯಾಣಿಕರನ್ನು ಹತ್ತಿಸಿಕೊಂಡ ಮೇಲೆ ಅದು ಒಂದೇ ಒಂದು ಸಲವೂ ಸರಿಯಾದ ಗ್ರಹಕ್ಕೆ ಮುಟ್ಟಿಸಿದ್ದಿಲ್ಲ. ತಪ್ಪು ತನ್ನದೇ ಆದರೂ ಬೈಗುಳ ಮಾತ್ರ ಪ್ರಯಾಣಿಕರಿಗೆ. ಪುಸ್ತಕ ಓದಿದವರು ನಕ್ಕಿದ್ದರು, ಅಷ್ಟೇ. ರೇಡಿಯೋದಲ್ಲಿ ಗುಡುಗ ಗೊಣಗಪ್ಪನಾದ ಮೇಲೆ ಜನ ಹುಚ್ಚರಾದರು. ಪ್ರತಿ ಸಲ ಗ್ರಹದಿಂದ ಗ್ರಹಕ್ಕೆ ನೆಗೆಯುವ ಮುಂಚೆ ಹಡಗು ಕೆಮ್ಮುತ್ತಿತ್ತಲ್ಲ, ಅದನ್ನು ಕೇಳುವುದಕ್ಕೆಂದೇ ಅಂಗಡಿಗಳ ಮುಂದೆ ಗುಂಪು ಕೂಡುತ್ತಿತ್ತು. ಪುಸ್ತಕದಲ್ಲಿ ಆ ಕೆಮ್ಮೇ ಇರಲಿಲ್ಲ. ಅದು ಗುಡುಗನ ಎದೆಯಲ್ಲಿತ್ತು.

ನಾಟಕ ಮುಗಿಯುವ ಮೊದಲೇ ಅವನು ಮುಗಿದ. ಕೊನೆಯ ಕಂತಿಗೆ ಬೇರೊಬ್ಬ ನಟ ಬಂದು ಅವನ ಹಾಗೇ ಕೆಮ್ಮಿದ. ಆಮೇಲೆ ಟೀವಿಯಲ್ಲಿ ಬೊಂಬೆಯಾಟವಾಗಿ ಬಂದಾಗ ಬೊಂಬೆಯೂ ಕೆಮ್ಮಿತು. ಅಕ್ಕ ಒಂದನ್ನೂ ಕೇಳಲಿಲ್ಲ, ನೋಡಲಿಲ್ಲ. ರೇಡಿಯೋವನ್ನು ಅಟ್ಟಕ್ಕೆ ಹಾಕಿ ಗಾಜಿನ ಕೆಲಸದಲ್ಲಿ ತಲೆ ತಗ್ಗಿಸಿ ಕೂತಳು.

ಆ ಸಂಜೆ ಅವಳು ಮಗಳನ್ನು ಕೇಳಿದಳು. ಮಗಳು ಊರೊಳಗಿನ ಬಸ್ಸು ಓಡಿಸುತ್ತಾಳೆ. ಸೋದರಮಾವ ತೀರಿಕೊಂಡ ಮೇಲೆ ಹುಟ್ಟಿದವಳು.

"ಜನ ಹಂಗೆ ಕೆಮ್ತಾರೇನೇ ಈಗ್ಲೂ?"

ಮಗಳು ಚಪ್ಪಲಿ ಬಿಚ್ಚುತ್ತಿದ್ದವಳು ಹಾಗೇ ನಿಂತಳು. "ಈಗ್ಲೂ ಏನಮ್ಮ, ಈಗ್ಲೇ ಜಾಸ್ತಿ. ಕೊನೇ ಸ್ಟಾಪಲ್ಲಿ ನಾನು 'ಇದು ನಿಮ್ಮ ಗ್ರಹ ಅಲ್ಲ' ಅಂತೀನಿ, ಹಿಂದಿನ ಸೀಟಿಂದ ಯಾರಾದ್ರೂ ಕೆಮ್ಮೇ ಕೆಮ್ತಾರೆ."

"ನೀನಂತೀಯಾ?"

"ನಿಂಗೆ ಹೇಳಿದ್ರೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ. ಎಲ್ಲಾ ಕಂತೂ ನನ್ನ ಫೋನಲ್ಲಿದೆ. ಮಾವನ್ನ ನಾನು ಬೇರೆ ಎಲ್ಲಿ ನೋಡ್ಲಮ್ಮ?"

ಅಂದಿನಿಂದ ಅಕ್ಕನ ಕಿವಿ ತೆರೆದುಕೊಂಡಿತು. ಬ್ಯಾಂಕಿನ ಸಾಲಿನಲ್ಲಿ, ತರಕಾರಿ ಅಂಗಡಿಯಲ್ಲಿ, ಲಿಫ್ಟು ಮೇಲೇರುವ ಮುಂಚೆ, ಎಲ್ಲೆಂದರಲ್ಲಿ ಯಾರದೋ ಬಾಯಲ್ಲಿ ಅವನು ಕೆಮ್ಮುತ್ತಿದ್ದ. ಇಷ್ಟು ದಿನವೂ ಕೆಮ್ಮುತ್ತಲೇ ಇದ್ದನೇನೋ. ಅವಳು ಕೇಳಿಸಿಕೊಂಡಿರಲಿಲ್ಲ.

ಹೀಗಿರುವಾಗ ಹಲ್ಲಿನ ಡಾಕ್ಟರೊಬ್ಬರು ಅಂಗಡಿಗೆ ಬಂದರು. ಗುಂಡಗಿನ ಮನುಷ್ಯ, ಗೊಣಗಪ್ಪನ ಚಿತ್ರವಿದ್ದ ಅಂಗಿ ತೊಟ್ಟಿದ್ದರು. ಅಭಿಮಾನಿಗಳ ಬಳಗಕ್ಕೆ ಅವರೇ ಯಜಮಾನರು. ಮಗಳು ಬಾಯಿ ಬಿಟ್ಟಿದ್ದಳೆಂದು ಅಕ್ಕನಿಗೆ ತಿಳಿಯಿತು.

"ಅಮ್ಮಾ, ಸಿನಿಮಾ ಬರ್ತಿದೆ ಗೊತ್ತಲ್ಲ? ಕೋಟಿ ಕೋಟಿ ಸುರಿದಿದ್ದಾರೆ. ಹಡಗು ಮಿರಮಿರ ಅಂತಿದೆ. ಆದ್ರೆ ಕೆಮ್ಮೇ ತೆಗೆದುಬಿಟ್ಟಿದ್ದಾರೆ!" ಅವರ ಕಣ್ಣು ನಿಜವಾಗಿಯೂ ತೇವವಾಗಿತ್ತು. "ಕೆಮ್ಮಿಲ್ಲದ ಗೊಣಗಪ್ಪ ಯಾರಿಗೆ ಬೇಕಮ್ಮ? ಅದಕ್ಕೆ ಈ ಸಲ ನಮ್ಮ ಬಳಗದ ಸಭೇಲಿ ಎಲ್ಲಾರೂ ಸೇರಿ ಒಟ್ಟಿಗೆ ಕೆಮ್ಮೋಣ ಅಂತ. ನೀವು ಬಂದು ಶುರು ಮಾಡಿಕೊಡ್ಬೇಕು."

ಆಗುವುದಿಲ್ಲ ಎನ್ನಲು ಅಕ್ಕ ಬಾಯಿ ತೆರೆದಳು. "ಬರ್ತೀನಿ" ಎಂದಿತು ಬಾಯಿ.

ಸಭೆ ನಡೆದದ್ದು ಒಂದು ಶಾಲೆಯ ಸಭಾಂಗಣದಲ್ಲಿ. ಕಾಲಿಡಲು ಜಾಗವಿರಲಿಲ್ಲ. ಬಾಗಿಲಲ್ಲೇ ರಟ್ಟಿನ ಗೊಣಗಪ್ಪ ನಿಂತಿತ್ತು. ಅದರ ಮುಂದೆ ಅಜ್ಜಂದಿರು ಮೊಮ್ಮಕ್ಕಳ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಗಂಡ ಹೆಂಡತಿ ಇಬ್ಬರು ಬಂದು ಅಕ್ಕನ ಕೈ ಹಿಡಿದು, ತಾವು ಮೊದಲ ಸಲ ಮಾತಾಡಿಕೊಂಡದ್ದೇ ಆ ನಾಟಕದ ದೆಸೆಯಿಂದ ಎಂದರು. ಇನ್ನೊಬ್ಬ ಹೆಂಗಸು, ಆಸ್ಪತ್ರೆಯಲ್ಲಿ ಮಲಗಿದ್ದಾಗ ಆ ಕೆಮ್ಮು ಕೇಳಿಯೇ ನಕ್ಕೆ, ಬದುಕಿದೆ ಎಂದಳು. ಅಕ್ಕ ಎಲ್ಲದಕ್ಕೂ ತಲೆಯಾಡಿಸಿದಳು. ಅವರ ಪ್ರೀತಿ ಅಪ್ಪಟವಾಗಿತ್ತು. ಅದಕ್ಕೇ ಅವಳು ಯಾರ ಮುಖವನ್ನೂ ನೇರ ನೋಡಲಾರದಾದಳು.

ಡಾಕ್ಟರು ಅವಳನ್ನು ವೇದಿಕೆಗೆ ಹತ್ತಿಸಿ ಮೈಕು ಮುಂದಿಟ್ಟರು. "ಅಕ್ಕಾವ್ರು ಈಗ ಶುರು ಮಾಡ್ತಾರೆ!"

ಸಭೆಯೆಲ್ಲ ಮುಷ್ಟಿಯನ್ನು ಬಾಯಿಗಿಟ್ಟುಕೊಂಡು ಕಾಯಿತು. ಮುಂದಿನ ಸಾಲಿನಲ್ಲಿ ಮಗಳೂ ಹಾಗೇ ಕೂತಿದ್ದಳು.

ಅಕ್ಕ ಮೈಕಿನ ಹತ್ತಿರ ಬಂದಳು. "ಅದು ನಟನೆ ಅಲ್ಲ," ಎಂದಳು. "ಅವನಿಗೆ ನಿಜವಾಗ್ಲೂ ಕೆಮ್ಮು ಬರ್ತಿತ್ತು. ಎದೆ ಹಾಳಾಗಿತ್ತು. ನೀವು ಕೇಳಿ ನಗ್ತೀರಲ್ಲ, ಅದ್ರಲ್ಲೇ ಅವನು ಹೋಗಿದ್ದು."

ಮುಷ್ಟಿಗಳು ಒಂದೊಂದಾಗಿ ಕೆಳಗಿಳಿದವು. ಡಾಕ್ಟರ ಮುಖ ಬಿಳಿಚಿಕೊಂಡಿತು. ಯಾರೋ ಮಗುವಿನ ಬಾಯಿಗೆ ಕೈ ಅಡ್ಡ ಹಿಡಿದರು.

"ನಮಗೆ ಗೊತ್ತಿರ್ಲಿಲ್ಲಮ್ಮ," ಎಂದರು ಡಾಕ್ಟರು, ಮೈಕಿಗೆ ಬಾರದಷ್ಟು ಸಣ್ಣ ದನಿಯಲ್ಲಿ. "ನೀವು ಬೇಡ ಅಂದ್ರೆ ಇವತ್ತಿಗೇ ನಿಲ್ಲಿಸ್ತೀವಿ. ಇನ್ಯಾರೂ ಕೆಮ್ಮಲ್ಲ."

ಬೇಡ ಎಂದರೆ ಮುಗಿಯುತ್ತಿತ್ತು. ಇವರು ಮಾತು ಉಳಿಸಿಕೊಳ್ಳುವ ಜನ. ಸಿನಿಮಾದಲ್ಲಂತೂ ಕೆಮ್ಮಿಲ್ಲ. ನಾಳೆಯಿಂದ ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಲಿಫ್ಟಿನಲ್ಲಿ ಎಲ್ಲೂ ಇರುವುದಿಲ್ಲ. ಆಗ ಗುಡುಗ ಎಲ್ಲಿರುತ್ತಾನೆ? ಆ ಯೋಚನೆ ಬಂದದ್ದೇ ಅಕ್ಕ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನಿಲ್ಲಿಸ್ಬೇಡಿ," ಎಂದಳು. ದನಿ ಅವಳಿಗೇ ಗುರುತು ಸಿಗಲಿಲ್ಲ. "ಆದ್ರೆ ನೀವ್ಯಾರೂ ಸರಿಯಾಗಿ ಕೆಮ್ತಿಲ್ಲ. ಮಧ್ಯದಲ್ಲಿ ಉಸಿರು ಎಳ್ಕೊಳ್ತೀರಲ್ಲ, ಅದು ಅಷ್ಟು ಸಲೀಸಾಗಿ ಬರ್ತಿರ್ಲಿಲ್ಲ. ಅರ್ಧಕ್ಕೆ ಸಿಕ್ಕಿಹಾಕ್ಕೊಳ್ತಿತ್ತು. ಕೊನೇದರ ಬಾಲದಲ್ಲಿ ಸ್ವಲ್ಪ ನಗು ಇರ್ತಿತ್ತು, ನಾವು ಹೆದರ್ಕೋಬಾರ್ದು ಅಂತ. ಹಿಂಗೆ."

ಮೈಕಿನ ಮುಂದೆ ಅವಳು ಕೆಮ್ಮಿದಳು.

ಮಗಳು ಎದ್ದು ನಿಂತುಬಿಟ್ಟಳು. ಎಷ್ಟೋ ಸಲ ಫೋನಿನಲ್ಲಿ ಕೇಳಿದ್ದ ಸದ್ದು ತಾಯಿಯ ಎದೆಯಿಂದ ಬರುತ್ತಿತ್ತು.

ಸಭೆ ಕಲಿತುಕೊಂಡಿತು. ಮೊದಲ ಸಲ ಹೆದರುತ್ತಾ, ಆಮೇಲೆ ಗಮನವಿಟ್ಟು. ಅಕ್ಕ ತಪ್ಪಿದವರನ್ನು ಕೈ ತೋರಿಸಿ ತಿದ್ದಿದಳು. "ಉಸಿರು ಸಿಕ್ಕಿಸ್ರಿ, ಉಸಿರು ಸಿಕ್ಕಿಸ್ರಿ." ಕೊನೆಯ ಸಲ ಎಲ್ಲರೂ ಒಟ್ಟಿಗೆ ಕೆಮ್ಮಿದಾಗ ಯಾರೂ ನಗಲಿಲ್ಲ. ಆ ಸದ್ದು ಗೋಡೆಗೆ ಬಡಿದು ಹಿಂದಿರುಗಿ ಬಂದಾಗ ಒಬ್ಬನೇ ಮನುಷ್ಯನದಾಗಿತ್ತು. ಅವನು ತನ್ನ ಬೆನ್ನ ಹಿಂದೆಯೇ ನಿಂತಿದ್ದಾನೆ ಎಂದು ಅಕ್ಕನಿಗೆ ಎಷ್ಟು ಖಾತ್ರಿಯಾಯಿತೆಂದರೆ, ಅವಳು ತಿರುಗಿ ನೋಡಲಿಲ್ಲ. ನೋಡದೆಯೇ ಮೆಟ್ಟಿಲಿಳಿದು ಮಗಳ ತೋಳು ಹಿಡಿದು ಹೊರಗೆ ಬಂದಳು.

ಆಮೇಲೆ ಊರಿನಲ್ಲಿ ಕೆಮ್ಮು ನಿಲ್ಲಲಿಲ್ಲ, ಬದಲಾಯಿತು. ಒಬ್ಬರಿಂದ ಒಬ್ಬರಿಗೆ ಹರಡಿ ಎಲ್ಲ ಕಡೆ ಸರಿಯಾದ ಕೆಮ್ಮೇ ಕೇಳತೊಡಗಿತು. ಮೊದಲಾದರೆ ಅದು ಅನುಕರಣೆಯೆಂದು ಅಕ್ಕನಿಗೆ ತಿಳಿಯುತ್ತಿತ್ತು. ಈಗ ತಿಳಿಯುತ್ತಿರಲಿಲ್ಲ. ರಸ್ತೆಯಲ್ಲಿ ಪ್ರತಿ ಸಲವೂ ತಿರುಗುತ್ತಿದ್ದಳು. ಪ್ರತಿ ಸಲವೂ ಯಾರೋ ಅಪರಿಚಿತರು ನಾಚಿಕೊಂಡು ನಮಸ್ಕಾರ ಮಾಡುತ್ತಿದ್ದರು. ಮಾಡಿಟ್ಟವಳು ತಾನೇ. ಇನ್ನು ಯಾರನ್ನು ಬೈಯುವುದು?

ಒಂದು ರಜೆಯ ಬೆಳಿಗ್ಗೆ ಅವಳು ತಾನಾಗಿಯೇ ಮಗಳ ಪಕ್ಕ ಬಂದು ಕೂತಳು. "ಹಾಕು ನೋಡೋಣ. ಮೊದಲಿಂದ."

ಮಗಳು ಮೊದಲ ಕಂತು ಹಾಕಿದಳು. ಫೋನಿನಿಂದ ಒಬ್ಬ ಹುಡುಗನ ದನಿ ಬಂತು. ದಪ್ಪ, ತಿಳಿ, ಇನ್ನೂ ಏನೂ ಆಗಿರದ ದನಿ. ಪ್ರಯಾಣಿಕರನ್ನು ಬೈದ, ತನ್ನ ಚಕ್ರವಿಲ್ಲದ ಹಣೆಬರಹವನ್ನು ಬೈದ, ಆಕಾಶವನ್ನೇ ಬೈದ. ಮಗಳು ನಗುತ್ತಿದ್ದಳು. ಅಕ್ಕ ಹುಬ್ಬು ಗಂಟಿಕ್ಕಿ ಕೇಳಿಸಿಕೊಳ್ಳುತ್ತಿದ್ದಳು.

"ಇದ್ಯಾರೇ?" ಎಂದಳು.

ಮಗಳ ನಗು ನಿಂತಿತು. "ಮಾವ ಅಲ್ವೇನಮ್ಮ. ಕೆಮ್ಮು ಶುರುವಾಗೋದು ನಾಲ್ಕನೇ ಕಂತಿಂದ."

ಅಕ್ಕ ಫೋನನ್ನು ಕೈಗೆ ತೆಗೆದುಕೊಂಡು ಕಿವಿಗೆ ಒತ್ತಿಕೊಂಡಳು. ಆ ಹುಡುಗ ಹಾಯಾಗಿ ಉಸಿರಾಡಿಕೊಂಡು ಮಾತಾಡುತ್ತಲೇ ಇದ್ದ. ಅವನನ್ನು ಎಲ್ಲೋ ಕೇಳಿದ್ದೆನಲ್ಲ ಎಂದು ಅವಳು ಹುಡುಕುತ್ತಿದ್ದಳು.