ಬೆರಕೆ ತೋಟಾ

ಅಮೆರಿಕದ ಮಿಸ್ಸೌರಿಯ ರಿವಾಲ್ವರ್ ಪಂದ್ಯಗಳಲ್ಲಿ ಡೆಲ್ಮರ್‌ನಷ್ಟು ಮಡಿವಂತ ಇನ್ನೊಬ್ಬನಿರಲಿಲ್ಲ. ಆರು ಗುಂಡುಗಳನ್ನು ಒಟ್ಟಿಗೆ ಹಿಡಿಯುವ ತೆಳು ಉಕ್ಕಿನ ಬಿಲ್ಲೆಗೆ ಮೂನ್ ಕ್ಲಿಪ್ ಎನ್ನುತ್ತಾರೆ. ಅದಕ್ಕೆ ಅವನು ಒಂದೇ ಕಂಪನಿಯ ಹಿತ್ತಾಳೆ ತೋಟಾಗಳನ್ನೇ, ಅಂದರೆ ಗುಂಡಿನ ಕೋಶಗಳನ್ನೇ, ಆರಿಸಿ ಮದ್ದು-ಗುಂಡು ತುಂಬಿ ಸಿಕ್ಕಿಸುತ್ತಿದ್ದ. ಬೆರಕೆಯಾದರೆ ಕೆಲವು ಸಡಿಲವಾಗಿ ವಾಲುತ್ತವೆ, ರಿವಾಲ್ವರಿನ ಚಕ್ರ ಉಜ್ಜಿಕೊಳ್ಳುತ್ತದೆ, ಟ್ರಿಗರ್ ಕಲ್ಲಾಗುತ್ತದೆ.

ಗೆಳೆಯ ರಾಯ್ಸ್‌ಗೆ ಎಪ್ಪತ್ತಾರು, ಬೆರಳು ನಡುಗುತ್ತಿದ್ದವು. "ಈ ಸಲ ನನ್ನ ಕ್ಲಿಪ್ಪೂ ನೀನೇ ತುಂಬ್ಕೊಡೋ," ಅಂದಿದ್ದ. ಡೆಲ್ಮರ್ ಆರಿಸಿದ್ದನ್ನೆಲ್ಲ ತನಗೆ ಇಟ್ಟುಕೊಂಡು, ಅವನಿಗೆ ಮೈದಾನದಲ್ಲಿ ಹೆಕ್ಕಿ ತಂದ ಬೆರಕೆ ಖಾಲಿ ತೋಟಾಗಳಲ್ಲಿ ಗುಂಡು ಕಟ್ಟಿ ತುಂಬಿಕೊಟ್ಟ. ಮುದುಕನಿಗೆ ಇಷ್ಟು ಸಾಕು ಅಂದುಕೊಂಡ.

ಶನಿವಾರ ಬೆಳಿಗ್ಗೆ ಪಂದ್ಯದಲ್ಲಿ ರಾಯ್ಸ್ ಎರಡನೇ ಕ್ಲಿಪ್ ಹಾಕಿ ಟ್ರಿಗರ್ ಎಳೆದ. ಅಲ್ಲಾಡಲಿಲ್ಲ. ಎರಡು ಬೆರಳು ಸೇರಿಸಿ ಎಳೆದ. ಗಡಿಯಾರ ಓಡುತ್ತಲೇ ಇತ್ತು.

"ಏನಜ್ಜಾ, ತಿಂಡಿ ತಿಂದಿಲ್ವಾ?" ಹಿಂದಿನಿಂದ ಯಾರೋ ಕೂಗಿದರು.

"ನಾಲ್ಕು ಡೋನಟ್ ತಿಂದೀನಿ ಕಣ್ರೋ!" ಎಂದು ರಾಯ್ಸ್ ನಕ್ಕ. ಆಮೇಲೆ ಡೆಲ್ಮರ್ ಬಳಿ ಬಂದು ಮೆಲ್ಲಗೆ ಹೇಳಿದ: "ಬೆರಳಲ್ಲಿ ಜೀವಾನೇ ಇಲ್ಲ ಕಣೋ. ಇವತ್ತಿಗೆ ನಂದು ಮುಗೀತು. ಅಲ್ವಾ?"

ತಪ್ಪು ನಿನ್ನ ಬೆರಳಿನದಲ್ಲ, ನಾನು ತುಂಬಿದ ತೋಟಾದ್ದು ಎನ್ನಲು ಒಂದು ನಿಮಿಷ ಸಾಕಿತ್ತು. ಎಲ್ಲರೆದುರು ಮಾನ ಹೋಗುತ್ತದೆಂದು ಡೆಲ್ಮರ್ ಹಿಂಜರಿದ.

"ವಯಸ್ಸಾಯ್ತಲ್ಲ ಮಾರಾಯ," ಅಂದುಬಿಟ್ಟ.

ರಾಯ್ಸ್ ಅದನ್ನು ನಂಬಿದ. ಮತ್ತೆಂದೂ ರಿವಾಲ್ವರ್ ಮುಟ್ಟಲಿಲ್ಲ. ಆಮೇಲೆ ಮೂರು ವರ್ಷ ಬದುಕಿದ್ದ. ಅಷ್ಟು ದಿನದಲ್ಲೂ ಡೆಲ್ಮರ್ ಬಾಯಿ ಬಿಡಲಿಲ್ಲ.