ನೀರಿಲ್ಲದ ಟ್ಯಾಂಕು

ನಮ್ಮವರಿಗೆ ಕೂತಲ್ಲಿ ಕೂರಲು ಬರುವುದಿಲ್ಲ. ರಜೆಯ ಮೇಲೆ ಅಳವಂಡಿಗೆ ಬಂದು ವಾರವಾಗಿರಲಿಲ್ಲ, ಕಟ್ಟೆಯಿಂದ ಅಂಗಳಕ್ಕೆ, ಅಂಗಳದಿಂದ ಹಿತ್ತಲಿಗೆ ಓಡಾಡಿ ನನ್ನ ತಲೆ ತಿಂದುಹಾಕಿದರು. ಮಿಲಿಟರಿಯಲ್ಲಿ ಟ್ಯಾಂಕು ನಡೆಸುವ ಗಂಡಸು, ಹೆತ್ತ ತಾಯಿಯ ಎದುರು ಒಂದು ಮಾತು ಆಡಲಾರದೆ ಒದ್ದಾಡುತ್ತಿದ್ದರು.

ತಪ್ಪೆಲ್ಲ ಆ ಟ್ಯಾಂಕು ಎಂಬ ಶಬ್ದದ್ದು. ಕೆಲವು ವರ್ಷಗಳ ಹಿಂದೆ ಮೊದಲ ರಜೆಗೆ ಬಂದಾಗ ಇವರು, "ಟ್ಯಾಂಕ್ ಡ್ರೈವರ್ ಆಗೀನವ್ವಾ" ಎಂದಿದ್ದರು. ಬಿರುಬೇಸಿಗೆ. ಕೊಪ್ಪಳದಿಂದ ಬಂದ ನೀರಿನ ಟ್ಯಾಂಕು ಊರ ಅಗಸಿಯ ಮುಂದೆ ನಿಂತಿತ್ತು, ನಮ್ಮತ್ತೆ ಮುದುಕವ್ವ ಕೊಡ ಹಿಡಿದು ಪಾಳಿಯಲ್ಲಿದ್ದರು. ಅವರ ಪಾಲಿಗೆ ಲೋಕದಲ್ಲಿ ಇರುವುದು ಅದೊಂದೇ ಟ್ಯಾಂಕು. ಮಗ ಮಿಲಿಟರಿ ಸೇರಿದಾಗಿನಿಂದ ಕಣ್ಣಿಗೆ ನಿದ್ದೆ ಹತ್ತದವರು, ಬಾಯಾರಿದ ಸಿಪಾಯಿಗಳಿಗೆ ನೀರು ಕೊಡುವ ಕೆಲಸವೆಂದು ತಿಳಿದು ಅಂದು ನೆಮ್ಮದಿಯಾಗಿ ಮಲಗಿದರು. ಆ ನಿದ್ದೆ ಕೆಡಿಸಲು ಯಾರಿಗೂ ಮನಸ್ಸಾಗಲಿಲ್ಲ. ನನಗೂ ಆಗಲಿಲ್ಲ.

ಈ ಸಲ ಅತ್ತೆಯೇ ಪೇಚಿಗೆ ಸಿಕ್ಕಿಸಿದರು. ತಾವಾಗಿ ಕೊಪ್ಪಳಕ್ಕೆ ಹೋಗಿ, ನೀರಿನ ಕಚೇರಿಯ ಸಾಹೇಬರನ್ನು ಕಂಡು, ನೀರಿನ ಟ್ಯಾಂಕಿನ ಡ್ರೈವರ್ ಕೆಲಸ ಖಾಲಿ ಇದೆ ಎಂದು ತಿಳಿದುಕೊಂಡು ಬಂದಿದ್ದರು.

"ಸೋಮವಾರ ಮಗನ್ನ ಕರಕೊಂಡು ಬಾ ಅಂದಾರ ಸಾಹೇಬ್ರು" ಎಂದು ಮಗನ ಮುಂದೆ ಕುಣಿದಾಡಿದರು. "ಮಿಲಿಟ್ರಿ ಟ್ಯಾಂಕ್ ನಡಸಿದಾಂವಗ ಇದು ಯಾವ ಲೆಕ್ಕ? ನೀರು ಅಲ್ಲಿ ಹಾಕಿದ್ರೇನು, ಇಲ್ಲಿ ಹಾಕಿದ್ರೇನು? ಊರಿಗೆ ಬಂದಬಿಡೋ ಅಯ್ಯಪ್ಪಾ."

ಅಂದಿನಿಂದ ಇವರಿಗೆ ಅನ್ನ ಇಳಿಯಲಿಲ್ಲ. "ಹೇಳಿಬಿಡ್ತೀನಿ ಈಗ" ಎನ್ನುವರು. "ಹೇಳ್ರಿ, ಅತ್ತಿ ಒಳಗ ಅದಾರ" ಎನ್ನುವೆ. ಒಳಗೆ ಹೋದವರು ಒಂದು ತಂಬಿಗೆ ನೀರು ಕುಡಿದು ಹೊರಗೆ ಬರುವರು. ನನಗೆ ಸಿಟ್ಟು ಬರುತ್ತಿತ್ತು, ಅದರ ಹಿಂದೆಯೇ ಅಳುವೂ ಬರುತ್ತಿತ್ತು.

ಶನಿವಾರ ಇದ್ದಕ್ಕಿದ್ದಂತೆ "ಗಂಗಾವತಿಗೆ ನಡಿ" ಎಂದರು. ಅಲ್ಲಿ ಉಮರಸಾಬರ ಅಂಗಡಿಯಲ್ಲಿ ದುಬೈ ಸಾಮಾನು ಸಿಗುತ್ತಿತ್ತು. ಅವರ ತಮ್ಮ ದುಬೈಯಿಂದ ಕಳಿಸುತ್ತಿದ್ದ. ಕಾಲುವೆಯ ಭತ್ತದ ಹಣ ಓಡಾಡುವ ಊರು, ಎಂಥ ಮಾಲಿಗೂ ಗಿರಾಕಿ ಇದ್ದರು. ಗಾಜಿನ ಕಪಾಟಿನಲ್ಲಿ ಆಟಿಕೆ ಟ್ಯಾಂಕುಗಳಿದ್ದವು. ಇವರ ಯೋಚನೆ ನನಗೆ ಆಗ ತಿಳಿಯಿತು. ಬಾಯಿಂದ ಬರದ ಮಾತನ್ನು ನೆಲದ ಮೇಲೆ ಓಡಿಸಿ ತೋರಿಸುವವರಿದ್ದರು.

"ಜೋಡಸೋ ತ್ರಾಸ ಇಲ್ರೀ ಸಾಹೇಬ್ರ" ಎಂದರು ಉಮರಸಾಬರು. "ಡಬ್ಬಿ ತಗೀರಿ, ಸೆಲ್ ಹಾಕ್ರಿ, ಓಡಸ್ರಿ. ಎಲ್ಲಾ ತಯಾರ್ ಮಾಲು."

ಮೊದಲನೆಯದು ದಿಲ್ಲಿಯದು, ನೂರಿಪ್ಪತ್ತು ರೂಪಾಯಿ, ದನಕ್ಕೆ ಹಗ್ಗ ಕಟ್ಟಿದಂತೆ ಅದಕ್ಕೊಂದು ವಾಯರು. ಒತ್ತಿದರೆ ಕೆಂಪು ದೀಪ ಹತ್ತಿ ಹಾಡು ಬರುತ್ತಿತ್ತು. ಇವರು ಅದನ್ನು ತಿರುವಿ ಹೊಟ್ಟೆ ನೋಡಿದರು.

"ಇದು ಗಾಲಿ ಮ್ಯಾಲೆ ಓಡ್ತೈತಿ. ಗಾಲಿ ಸುತ್ತಿನ ಪಟ್ಟಿ ಬರೇ ತೋರಿಕಿ."

ಎರಡನೆಯದಕ್ಕೆ ವಾಯರು ಇರಲಿಲ್ಲ, ಮುನ್ನೂರೈವತ್ತು. ಕೈಯಲ್ಲಿನ ಪೆಟ್ಟಿಗೆಯ ಗುಂಡಿ ಒತ್ತಿದರೆ ರೇಡಿಯೋದ ಮೇಲೆ ಓಡುತ್ತಿತ್ತು. ಆದರೆ ಮುಂದೆ ಹೋದರೆ ನೆಟ್ಟಗೆ, ತಿರುಗಬೇಕಾದರೆ ಹಿಂದಕ್ಕೇ ಬರಬೇಕು.

"ಲಡಾಯಾಗ ಇಂಥಾದು ನನ್ನ ಕೈಯಾಗ ಕೊಟ್ಟಿದ್ರ ಇಷ್ಟೊತ್ತಿಗೆ ನಾನು..." ಎಂದವರು ನನ್ನ ಮುಖ ನೋಡಿ ಅದನ್ನು ಪಕ್ಕಕ್ಕೆ ಸರಿಸಿದರು.

ಮೂರನೆಯದು ಜಪಾನಿನದು, ಎಂಟುನೂರೈವತ್ತು. ಎರಡೂ ಪಟ್ಟಿ ಬೇರೆಬೇರೆ ತಿರುಗುತ್ತಿದ್ದವು. ನಿಂತಲ್ಲೇ ಸುತ್ತು ಹಾಕಿತು, ಗಲ್ಲೆಯ ಮೇಲಿನ ಪುಸ್ತಕ ಹತ್ತಿ ಇಳಿಯಿತು, ತೋಪು ಎತ್ತಿ ನನ್ನತ್ತ ಹೊರಳಿತು. ನಾನು ಹಿಂದೆ ಸರಿದೆ. ಅಷ್ಟು ದಿನದಲ್ಲಿ ಮೊದಲ ಸಲ ಇವರ ಕಾಲು ಒಂದು ಕಡೆ ನಿಂತವು.

"ಆಟಿಗಿ ಸಾಮಾನಿಗೆ ಎಂಟನೂರಾ? ಒಂದು ಆಕಳ ಬರ್ತೈತ್ರೀ!" ಎಂದು ಜಗಳ ತೆಗೆದೆ. "ಆ ಸಣ್ಣದು ತಗೊಂಡ್ರ ಏನಾಕ್ಕೈತಿ?"

"ಹಾಡು ಹೇಳೋ ಟ್ಯಾಂಕ್ ತೋರಿಸಿದ್ರ ಅವ್ವ ನಗತಾಳ. ಮತ್ತೊಂದು ಸುಳ್ಳು ಹೇಳಿದಂಗ ಆಕ್ಕೈತಿ."

ಚೌಕಾಸಿ ಮಾಡಿ ನೂರು ಇಳಿಸಿ, ಸೆಲ್ಲು ಪುಕ್ಕಟೆ ಹಾಕಿಸಿಕೊಂಡೆ. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಇವರು ಡಬ್ಬಿಯ ಹಗ್ಗ ಬಿಚ್ಚುತ್ತಿದ್ದರು, ಕಟ್ಟುತ್ತಿದ್ದರು.

ಭಾನುವಾರ ಮಧ್ಯಾಹ್ನ ಅತ್ತೆ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ನಾಳೆ ಕೊಪ್ಪಳಕ್ಕೆ ಯಾವ ಅಂಗಿ ಹಾಕಿಕೊಳ್ಳುತ್ತಿ ಎಂದು ಮಗನನ್ನು ಕೇಳುತ್ತಿದ್ದರು. ಇವರು ಟ್ಯಾಂಕನ್ನು ನೆಲಕ್ಕಿಟ್ಟು ಗುಂಡಿ ಒತ್ತಿದರು. ಅದು ಗುರ್ರೆನ್ನುತ್ತ ಚೆಲ್ಲಿದ ಜೋಳದ ಮೇಲೆ ಹಾದು ಅತ್ತೆಯ ಕಾಲ ಬಳಿ ನಿಂತಿತು.

"ಅಯ್ಯ, ಏನೋ ಇದು?"

"ಟ್ಯಾಂಕವ್ವಾ. ನಾ ನಡಸೋದು ಇಂಥಾದು."

ಅತ್ತೆ ಮೊರ ಕೆಳಗಿಟ್ಟು ಬಗ್ಗಿ ನೋಡಿದರು. "ನೀರು ಎಲ್ಲಿ ತುಂಬಸ್ತಿ?"

"ನೀರಿಲ್ಲವ್ವಾ."

"ಮತ್ತ ಈ ಕೊಳವಿ?"

ಇವರು ಇನ್ನೊಂದು ಗುಂಡಿ ಒತ್ತಿದರು. ತೋಪಿನ ಬಾಯಲ್ಲಿ ದೀಪ ಮಿಂಚಿತು, ಢಂ ಎಂದಿತು, ಟ್ಯಾಂಕು ಹಿಂದಕ್ಕೆ ಜಗ್ಗಿತು. ಅತ್ತೆ ಚೀರಲಿಲ್ಲ, ಅಳಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

"ನೀ ಎಲ್ಲಿ ಕುಂದರ್ತಿ?" ಎಂದರು ಕೊನೆಗೆ.

ಇವರು ತೋಪಿನ ಕೆಳಗಿನ ಜಾಗ ತೋರಿಸಿದರು. ಅತ್ತೆ ಅಲ್ಲಿದ್ದ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಲು ನೋಡಿದರು. ಏಳಲಿಲ್ಲ. ಜಪಾನಿನವರು ಎಲ್ಲ ಮಾಡಿದ್ದರು, ಮುಚ್ಚಳ ಮಾತ್ರ ಬರೀ ಗೆರೆ ಕೊರೆದು ಬಿಟ್ಟಿದ್ದರು.

"ಇದು ತಗಿಯಂಗಿಲ್ಲೇನು? ಬೆಂಕಿ ಹತ್ತಿದ್ರ ಹ್ಯಾಂಗ ಹೊರಗ ಬರ್ತಿ ನೀ?"

"ಖರೇ ಟ್ಯಾಂಕಿನಾಗ ತಗೀತೈತವ್ವಾ. ಇದು ಆಟಿಗಿ."

"ತೋರ್ಸು."

"ಅವ್ವಾ, ಇದರಾಗ ಹ್ಯಾಂಗ..."

"ತೋರ್ಸಂದ್ನೆಲ್ಲ!"

ಇವರು ನನ್ನ ಮುಖ ನೋಡಿದರು. ಎಂಟುನೂರರ ಸಲುವಾಗಿ ಜಗಳಾಡಿದವಳು ನಾನೇ. ನಾನೇ ಎದ್ದು ಕುಡುಗೋಲು ತಂದುಕೊಟ್ಟೆ. ಇವರು ಅದರ ತುದಿಯಿಂದ ಗೆರೆಯ ಗುಂಟ ಮೀಟಿದರು. ಪ್ಲಾಸ್ಟಿಕ್ ಚಟಕ್ಕೆಂದಿತು, ಒಳಗಿನ ವಾಯರೊಂದು ಹರಿದು ಗುರ್ರೆನ್ನುವುದು ನಿಂತಿತು. ಮುಚ್ಚಳ ಇದ್ದಲ್ಲಿ ಒಂದು ತೂತಾಯಿತು.

ಅತ್ತೆ ಅದನ್ನು ಬೆಳಕಿಗೆ ಹಿಡಿದು ಒಳಗೆ ಇಣುಕಿದರು. ಬೆರಳು ಹಾಕಿ ತೆಗೆದರು, ಮತ್ತೆ ಹಾಕಿ ತೆಗೆದರು. ಆಮೇಲೆ ಎದ್ದು ಬಂದು ಮಗನ ಹೆಗಲನ್ನು ಈ ತುದಿಯಿಂದ ಆ ತುದಿಗೆ ಗೇಣು ಹಾಕಿ ಅಳೆದರು. ಇವರು ಸಣ್ಣ ಹುಡುಗನಂತೆ ಅಲುಗದೆ ನಿಂತಿದ್ದರು.

"ಮಿಲಿಟ್ರಿಗೆ ಹೊಳ್ಳಿ ಹೋದಮ್ಯಾಲೆ ಭಾಳ ಉಣಬ್ಯಾಡಪಾ" ಎಂದರು ಅತ್ತೆ. "ದಪ್ಪಾದ್ರ ಹೊರಗ ಬರಾಕ ಹಿಡಸಂಗಿಲ್ಲ ನೀ."

ಮಗನಿಗೆ ಉಣಬೇಡ ಎಂದ ತಾಯಿಯನ್ನು ನಾನು ಅಂದೇ ಮೊದಲು ಕಂಡದ್ದು.